ಸೂತು, ಇಂಚು, ಮಿಲಿಮೀಟರು

"ನಿವೃತ್ತಿಯ ನಂತರ ಹೊತ್ತು ಹೇಗೆ ಕಳೆಯುತ್ತೀರಿ, ಸರ್?" ಎಂದು ಹಳೆಯ ವಿದ್ಯಾರ್ಥಿಗಳು ಕೇಳುತ್ತಾರೆ. ಬಂಧುಗಳು ಅದನ್ನೇ ತುಸು ಬೇರೆ ರೀತಿಯಲ್ಲಿ ಕೇಳುತ್ತಾರೆ: "ಆ ಲೇತ್ ಅಂಗಡಿಯಲ್ಲಿ ನಿಮಗೇನು ಕೆಲಸ?" ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ ಆಗಿರುವುದರಿಂದ ಒಟ್ಟಿಗೇ ಬರೆದುಬಿಡುತ್ತಿದ್ದೇನೆ.

ಸಣ್ಣ ವರ್ಕ್‌ಶಾಪುಗಳಲ್ಲಿ ದಿನವೂ ಬೇಕಾಗುವ ಲೆಕ್ಕಗಳನ್ನು ಮಾಡಿಕೊಡುವ ಪುಟಗಳನ್ನು ನಾನು ರಚಿಸುತ್ತಿದ್ದೇನೆ. ಇವು ಮೊಬೈಲಿನ ಅಥವಾ ಗಣಕದ ಬ್ರೌಸರಿನಲ್ಲಿ ತೆರೆದುಕೊಳ್ಳುವ ಪುಟಗಳು. ಮೇಲೆ ಎರಡು ಮೂರು ಚೌಕಗಳಿರುತ್ತವೆ. ಅವುಗಳಲ್ಲಿ ಅಳತೆಗಳನ್ನು ತುಂಬಿದರೆ ಕೆಳಗೆ ಉತ್ತರ ಮೂಡುತ್ತದೆ. ಇದುವರೆಗೆ ನಾಲ್ಕು ಪುಟಗಳು ಸಿದ್ಧವಾಗಿವೆ. ಒಂದು ಲೇತಿನ ಗೇರುಗಳದು, ಒಂದು ವೇಗದ್ದು, ಒಂದು ಕಬ್ಬಿಣದ ತೂಕದ್ದು, ಮತ್ತೊಂದು ಅಳತೆಗಳ ಪರಿವರ್ತನೆಯದು. ಹೇಳಿಕೊಳ್ಳುವಂಥ ದೊಡ್ಡ ತಂತ್ರಾಂಶವೇನೂ ಅಲ್ಲ. ಆದರೆ ಮೂವತ್ತಕ್ಕೂ ಹೆಚ್ಚು ವರ್ಷ ಕಪ್ಪುಹಲಗೆಯ ಮುಂದೆ ನಿಂತವನಿಗೆ ಈ ನಾಲ್ಕು ಪುಟಗಳು ಕೆಲವು ಹೊಸ ವಿಚಾರಗಳನ್ನು ಕಲಿಸಿವೆ.

ನಿಮ್ಮಲ್ಲಿ ಹಲವರಿಗೆ ಗೊತ್ತಿರುವಂತೆ ನನ್ನ ಸೇವೆಯ ಹೆಚ್ಚಿನ ವರ್ಷಗಳು ಕಮಲಾಪುರದಲ್ಲಿ ಕಳೆದವು. ಕಲಬುರಗಿಯ ಕೋಟೆಯ ಬಳಿಯ ಮನೆಯಿಂದ ಬೆಳಿಗ್ಗೆ ಹುಮನಾಬಾದ ರಸ್ತೆಯ ಬಸ್ಸು ಹಿಡಿದು ಹೋಗಿ ಸಂಜೆ ಮರಳುತ್ತಿದ್ದೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಆ ಊರು ಈಗ ತಾಲೂಕು ಕೇಂದ್ರವಾಗಿದೆ. ಅಲ್ಲಿ ನನ್ನ ಕೈಯಲ್ಲಿ ಗಣಿತ ಕಲಿತ ಹುಡುಗನೊಬ್ಬ ಹತ್ತನೆಯ ತರಗತಿಯ ನಂತರ ಐ.ಟಿ.ಐ. ಸೇರಿ, ಟರ್ನರ್ ಆಗಿ, ಇಂದು ಕೋಟೆಯಿಂದ ಸ್ವಲ್ಪ ದೂರದಲ್ಲಿ ಎರಡು ಲೇತ್ ಯಂತ್ರ, ಒಂದು ಡ್ರಿಲ್ಲಿಂಗ್ ಯಂತ್ರ, ಒಂದು ವೆಲ್ಡಿಂಗ್ ಯಂತ್ರ ಇಟ್ಟುಕೊಂಡು ನಾಲ್ಕು ಜನರಿಗೆ ಕೆಲಸ ಕೊಟ್ಟಿದ್ದಾನೆ. ಅವನ ಗಿರಾಕಿಗಳಲ್ಲಿ ಹೆಚ್ಚಿನವರು ದಾಲ್ ಮಿಲ್ಲಿನವರು. ನಮ್ಮದು ತೊಗರಿಯ ಕಣಜ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಹೊಸ ತೊಗರಿ ಮಾರುಕಟ್ಟೆಗೆ ಬರುವ ದಿನಗಳಲ್ಲಿ ಮಿಲ್ಲಿನ ಒಂದು ಶಾಫ್ಟು ಮುರಿದರೂ ಇಡೀ ಮಿಲ್ಲು ನಿಲ್ಲುತ್ತದೆ. ಮುರಿದ ತುಂಡನ್ನು ಚೀಲದಲ್ಲಿ ಹಾಕಿಕೊಂಡು ಬಂದ ಮಾಲಕ ಬಾಗಿಲಲ್ಲೇ ನಿಂತು, ಸಂಜೆಯೊಳಗೆ ಆಗುತ್ತದೆಯೇ, ಇಲ್ಲವೇ ಎಂದು ಕೇಳುತ್ತಾನೆ. ಇಲ್ಲವೆಂದರೆ ಅವನು ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೊರಟ. ಒಮ್ಮೆ ಹಾಗೆ ಹೊರಟ ಗಿರಾಕಿ ಮತ್ತೆ ಬರುವನೆಂಬ ಭರವಸೆ ಇರುವುದಿಲ್ಲ.

ಆ ಅಂಗಡಿಯ ಹಿರಿಯ ಕೆಲಸಗಾರರನ್ನು ಎಲ್ಲರೂ ಉಸ್ತಾದರು ಎಂದೇ ಕರೆಯುತ್ತಾರೆ. ನಲವತ್ತು ವರ್ಷ ಲೇತಿನ ಮುಂದೆ ನಿಂತವರು. ಯಾವ ಥ್ರೆಡ್ಡಿಗೆ ಯಾವ ಗೇರುಗಳನ್ನು ಜೋಡಿಸಬೇಕೆಂಬುದನ್ನು ತಮ್ಮ ಗುರುವಿನಿಂದ ಕಲಿತು, ಉರ್ದು ಲಿಪಿಯಲ್ಲಿ ಒಂದು ವಹಿಯಲ್ಲಿ ಬರೆದಿಟ್ಟಿದ್ದರು. ಎಣ್ಣೆ ಹತ್ತಿ ಕಪ್ಪಾದ ಆ ವಹಿ ಅವರ ಕೋಟಿನ ಒಳಜೇಬನ್ನು ಬಿಟ್ಟು ಹೊರಬಂದದ್ದು ಕಡಿಮೆ. 2021ರ ಹೊತ್ತಿಗೆ ಅವರ ದೃಷ್ಟಿ ಮಂದವಾಯಿತು. ವಾರದಲ್ಲಿ ಎರಡು ದಿನ ಬಂದರೆ ಹೆಚ್ಚು. ನನ್ನ ವಿದ್ಯಾರ್ಥಿ ಒಂದು ಸಂಜೆ ಮನೆಗೆ ಬಂದು, "ಉಸ್ತಾದರು ಬರದಿದ್ರ ನಂದು ಅರ್ಧ ಅಂಗಡಿ ಬಂದ್ ಇದ್ದಂಗ್ರಿ, ಸರ್. ಮಿ.ಮೀ. ಥ್ರೆಡ್ಡಿನ ಕೆಲಸ ಬಂದ್ರ ವಾಪಸ್ ಕಳಸ್ತೀನಿ" ಎಂದ. ಎರಡನೆಯ ಲೇತನ್ನು ಮಾರಿಬಿಡಲೇ ಎಂಬ ವಿಚಾರವೂ ಅವನಿಗೆ ಬಂದಿತ್ತು.

ಮಿಲಿಮೀಟರಿನ ಕೆಲಸವೇ ಏಕೆ ಕಷ್ಟ? ಇದನ್ನು ಸ್ವಲ್ಪ ವಿವರಿಸಬೇಕು. ಗಣಿತವೆಂದು ಯಾರೂ ಪುಟ ತಿರುವಬಾರದೆಂದು ನನ್ನ ವಿನಂತಿ.

ಲೇತಿನಲ್ಲಿ ಲೀಡ್ ಸ್ಕ್ರೂ ಎಂಬ ಉದ್ದನೆಯ ತಿರುಪಿನ ಸರಳು ಇರುತ್ತದೆ. ಅದು ತಿರುಗಿದಂತೆ ಕತ್ತರಿಸುವ ಟೂಲು ಮುಂದೆ ಸರಿಯುತ್ತದೆ. ತಿರುಗುವ ಕಬ್ಬಿಣಕ್ಕೂ ಈ ಸರಳಿಗೂ ನಡುವೆ ಗೇರುಗಳ ಜೋಡಣೆಯಿದೆ. ಗೇರುಗಳ ಹಲ್ಲುಗಳ ಅನುಪಾತ ಬದಲಿಸಿದರೆ ಥ್ರೆಡ್ಡಿನ ಎರಡು ಏಣುಗಳ ನಡುವಿನ ಅಂತರ, ಅಂದರೆ ಪಿಚ್ಚು, ಬದಲಾಗುತ್ತದೆ. ನನ್ನ ವಿದ್ಯಾರ್ಥಿಯ ಹಳೆಯ ಲೇತಿನ ಲೀಡ್ ಸ್ಕ್ರೂ ಇಂಚಿನದು. ಒಂದು ಇಂಚಿಗೆ ನಾಲ್ಕು ಸುತ್ತು. ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆಯ ಕಾಯಿದೆ ಬಂದದ್ದು 1956ರಲ್ಲಿ. ಆದರೆ ಯಂತ್ರಗಳು ಕಾಯಿದೆಗಿಂತ ಹೆಚ್ಚು ಕಾಲ ಬಾಳುತ್ತವೆ. ಹೊಸ ಮಿಲ್ಲಿನ ಯಂತ್ರಗಳೆಲ್ಲ ಮಿಲಿಮೀಟರಿನವು, ಅವನ್ನು ದುರಸ್ತಿ ಮಾಡುವ ಲೇತು ಇಂಚಿನದು. ಇವೆರಡರ ನಡುವೆ ಸೇತುವೆ ಕಟ್ಟುವ ಸಂಖ್ಯೆ 25.4. ಒಂದು ಇಂಚು ಎಂದರೆ ನಿಖರವಾಗಿ 25.4 ಮಿ.ಮೀ. ಎಂದು 1959ರಲ್ಲಿ ಅಂತರರಾಷ್ಟ್ರೀಯವಾಗಿ ಒಪ್ಪಿಕೊಳ್ಳಲಾಯಿತು.

ಈಗ 2 ಮಿ.ಮೀ. ಪಿಚ್ಚಿನ ಥ್ರೆಡ್ಡು ಬೇಕೆನ್ನಿ. ಲೀಡ್ ಸ್ಕ್ರೂವಿನ ಪಿಚ್ಚು 25.4ರ ನಾಲ್ಕನೆಯ ಒಂದು ಭಾಗ, ಅಂದರೆ 6.35 ಮಿ.ಮೀ. ಬೇಕಾದ ಅನುಪಾತ 2 ಭಾಗಿಸು 6.35. ದಶಾಂಶ ತೆಗೆದು ಸಂಕ್ಷೇಪಿಸಿದರೆ 40/127. ಛೇದದಲ್ಲಿ ಕುಳಿತ 127 ಅವಿಭಾಜ್ಯ ಸಂಖ್ಯೆ! ಅದನ್ನು ಒಡೆದು ಚಿಕ್ಕ ಗೇರುಗಳಿಗೆ ಹಂಚಲು ಬರುವುದಿಲ್ಲ. ಆದ್ದರಿಂದ 127 ಹಲ್ಲಿನ ಗೇರೇ ಬೇಕು. ಈ ಅಂಗಡಿಯಲ್ಲಿ ಇದ್ದದ್ದು 20ರಿಂದ 120ರವರೆಗೆ, ಐದೈದರ ಅಂತರದ 21 ಗೇರುಗಳು ಮಾತ್ರ. 127 ಎಂದೋ ಕಳೆದುಹೋಗಿತ್ತು.

ಹಾಗಾದರೆ ಇರುವ ಗೇರುಗಳಲ್ಲೇ ನಾಲ್ಕನ್ನು ಜೋಡಿಸಿ 40/127ಕ್ಕೆ ಅತಿ ಸಮೀಪದ ಅನುಪಾತವನ್ನು ಪಡೆಯಬೇಕು. 21 ಗೇರುಗಳಲ್ಲಿ ನಾಲ್ಕನ್ನು ಆರಿಸಿ ಕ್ರಮವಾಗಿ ಇಡುವ ವಿಧಾನಗಳು 21 × 20 × 19 × 18, ಅಂದರೆ 1,43,640. ಹತ್ತನೆಯ ತರಗತಿಯಲ್ಲಿ ನಾವು ಕ್ರಮಯೋಜನೆ ಎಂದು ಕಲಿತದ್ದೇ ಇದು. ಮನುಷ್ಯ ಇಷ್ಟನ್ನು ಒಂದೊಂದಾಗಿ ಪರೀಕ್ಷಿಸಲು ಕುಳಿತರೆ ಸುಗ್ಗಿ ಮುಗಿದು ಮುಂದಿನ ಬಿತ್ತನೆ ಬರುತ್ತದೆ. ಮೊಬೈಲಿಗೆ ಅದು ಕಣ್ಣು ಮಿಟುಕಿಸುವಷ್ಟರ ಕೆಲಸ. ಇಂಥ ಕೆಲಸವನ್ನೇ ಯಂತ್ರಕ್ಕೆ ಒಪ್ಪಿಸಬೇಕೆಂದು ನನಗೆ ತೋರಿತು.

ಜಾವಾಸ್ಕ್ರಿಪ್ಟ್ ಎಂಬ ಭಾಷೆಯನ್ನು ನಾನು ಕಲಿತದ್ದು 2020ರ ಲಾಕ್‌ಡೌನ್ ದಿನಗಳಲ್ಲಿ. ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗ ಫೋನಿನಲ್ಲಿ ಮೊದಲ ಪಾಠಗಳನ್ನು ಹೇಳಿಕೊಟ್ಟ. ಅಣ್ಣನ ಶಾಲೆಯಲ್ಲಿ ತಮ್ಮ ಕಲಿತಿದ್ದ. ತಮ್ಮನ ಮಗನ ಶಾಲೆಯಲ್ಲಿ ಅಣ್ಣ ಕಲಿತ. ಬ್ರೆಂಡನ್ ಐಕ್ ಎಂಬ ಅಮೆರಿಕದ ಎಂಜಿನಿಯರು 1995ರಲ್ಲಿ ಹತ್ತೇ ದಿನಗಳಲ್ಲಿ ಈ ಭಾಷೆಯ ಮೊದಲ ರೂಪವನ್ನು ಸಿದ್ಧಪಡಿಸಿದನಂತೆ. ಇಂದು ಪ್ರತಿಯೊಂದು ಮೊಬೈಲಿನ ಬ್ರೌಸರಿನಲ್ಲೂ ಅದು ಇದೆ. ಕಲಿಯಲು ಬೇಕಾದದ್ದು ಒಂದು ಹಳೆಯ ಲ್ಯಾಪ್‌ಟಾಪು ಮತ್ತು ತಾಳ್ಮೆ. ಮೊದಲನೆಯದು ಮಗಳು ಬಿಟ್ಟುಹೋಗಿದ್ದಳು. ಎರಡನೆಯದನ್ನು ನೀವೆಲ್ಲ ಒಂಬತ್ತನೆಯ ತರಗತಿಯಲ್ಲಿ ನನಗೆ ಕಲಿಸಿದ್ದಿರಿ.

ಇಲ್ಲಿ ಒಂದು ಸ್ವಾರಸ್ಯವನ್ನು ಹೇಳಬೇಕು. ಈ ಭಾಷೆಯಲ್ಲಿ 0.1ಕ್ಕೆ 0.2 ಕೂಡಿಸಲು ಹೇಳಿದರೆ 0.3 ಬರುವುದಿಲ್ಲ, 0.30000000000000004 ಬರುತ್ತದೆ. ಗಣಕ ಎಣಿಸುವುದು ಎರಡರ ಆಧಾರದಲ್ಲಿ. ನಮ್ಮ ಪದ್ಧತಿಯಲ್ಲಿ ಮೂರನೆಯ ಒಂದು ಭಾಗವನ್ನು 0.333 ಎಂದು ಎಷ್ಟು ಬರೆದರೂ ಮುಗಿಯದಂತೆ, ಅದರ ಪದ್ಧತಿಯಲ್ಲಿ ಹತ್ತನೆಯ ಒಂದು ಭಾಗ ಮುಗಿಯುವುದಿಲ್ಲ. ಎಲ್ಲಿಯೋ ಕತ್ತರಿಸಲೇಬೇಕು. ಆದ್ದರಿಂದ ಗೇರಿನ ಪುಟದಲ್ಲಿ ದಶಾಂಶವನ್ನೇ ತರದೆ ಪೂರ್ಣಾಂಕಗಳನ್ನಷ್ಟೇ ಬಳಸಿದೆ. ಎರಡು ಭಿನ್ನರಾಶಿಗಳಲ್ಲಿ ಯಾವುದು ದೊಡ್ಡದೆಂದು ತಿಳಿಯಲು ಅಡ್ಡ ಗುಣಾಕಾರ ಮಾಡಿರೆಂದು ನಿಮಗೆ ಹೇಳುತ್ತಿದ್ದೆನಲ್ಲ, ಗಣಕಕ್ಕೂ ಅದನ್ನೇ ಹೇಳಿದೆ. ಅದು ಮರುಮಾತಿಲ್ಲದೆ ಕೇಳಿತು.

ಉತ್ತರ ಬಂತು: 35, 45, 50, 100. ಚಾಲನೆ ಕೊಡುವ ಗೇರುಗಳು 35 ಮತ್ತು 45. ಚಾಲನೆ ಪಡೆಯುವವು 50 ಮತ್ತು 100. ಅನುಪಾತ 0.315. ಬರುವ ಪಿಚ್ಚು 2ರ ಬದಲು 2.00025 ಮಿ.ಮೀ. ಎಂಟು ಸಾವಿರದಲ್ಲಿ ಒಂದು ಪಾಲಿನ ವ್ಯತ್ಯಾಸ. ನೂರು ಮಿ.ಮೀ. ಉದ್ದ ಥ್ರೆಡ್ಡು ಹಾಕಿದರೂ ಕೊನೆಯಲ್ಲಿ ಕೂದಲಿನ ದಪ್ಪಕ್ಕಿಂತ ಕಡಿಮೆ ಅಂತರ. 127 ಇಲ್ಲದೆ ಆ 21 ಗೇರುಗಳಿಂದ ಇದಕ್ಕಿಂತ ಸಮೀಪ ಹೋಗಲು ಸಾಧ್ಯವೇ ಇಲ್ಲ.

ಆದರೆ ಉಸ್ತಾದರು ನೋಡಿ ಒಪ್ಪದೆ ಯಾವ ಉತ್ತರವನ್ನೂ ಹುಡುಗರ ಕೈಗೆ ಕೊಡಬಾರದೆಂದು ನಾನೂ ನನ್ನ ವಿದ್ಯಾರ್ಥಿಯೂ ಮೊದಲೇ ಮಾತಾಡಿಕೊಂಡಿದ್ದೆವು. ಅವರಲ್ಲಿಗೆ ಹೋಗುವಾಗ ನನ್ನ ಮನಸ್ಸಿನಲ್ಲಿ ಅಳುಕಿತ್ತು. ಆ ವಹಿಯೆಂದರೆ ಅವರ ನಲವತ್ತು ವರ್ಷದ ಗಳಿಕೆ. ಅದರಲ್ಲಿರುವುದನ್ನು ಪುಕ್ಕಟೆಯಾಗಿ ಎಲ್ಲರ ಮೊಬೈಲಿಗೆ ಹಾಕುತ್ತೇನೆಂದು ಹೊರಟವನು ನಾನು. ಅವರು ಅಸಮಾಧಾನಗೊಂಡರೆ ಅದರಲ್ಲಿ ಅನ್ಯಾಯವೇನಿದೆ?

ಉಸ್ತಾದರು ಸಂಖ್ಯೆಗಳನ್ನು ಓದಿಸಿಕೊಂಡು ಕೇಳಿದರು. ಬಹಳ ಹೊತ್ತು ಮಾತಾಡಲಿಲ್ಲ. ನಂತರ ವಹಿ ತೆಗೆದು ಮೊಮ್ಮಗಳ ಕೈಗಿತ್ತು ಒಂದು ಪುಟ ಹುಡುಕಿಸಿದರು. ಅಲ್ಲಿ ಬರೆದಿತ್ತು: 35, 45, 50, 100. ಅವರ ಗುರುವಿನ ಗುರು ಯಾವ ಬೀಜಗಣಿತದಿಂದ ಅಲ್ಲಿಗೆ ತಲುಪಿದ್ದರೋ! ಲಕ್ಷಕ್ಕೂ ಮಿಕ್ಕಿದ ಜೋಡಣೆಗಳನ್ನು ಸೋಸಿ ಗಣಕ ಕಂಡ ಉತ್ತರ ಆ ಎಣ್ಣೆಗಪ್ಪಿನ ಹಾಳೆಯಲ್ಲಿ ನಾನು ಬಿ.ಎಡ್. ಮಾಡುವುದಕ್ಕೂ ಮೊದಲೇ ಕುಳಿತಿತ್ತು.

ಆಮೇಲೆ ಅವರು ಒಂದು ಪ್ರಶ್ನೆ ಹಾಕಿದರು. "ಮಾಸ್ಟರ್ ಸಾಬ್, 35 ಯಾವುದಕ್ಕೆ ಕಚ್ಚುತ್ತದೆ, 50ಕ್ಕೋ 100ಕ್ಕೋ?" ಗುಣಾಕಾರದಲ್ಲಿ ಎರಡೂ ಒಂದೇ: ಛೇದದ ಸಂಖ್ಯೆಗಳ ಸ್ಥಾನ ಬದಲಿಸಿದರೆ ಅನುಪಾತ ಬದಲಾಗುವುದಿಲ್ಲ. ಯಂತ್ರದಲ್ಲಿ ಹಾಗಲ್ಲ. 35ನ್ನು 100ಕ್ಕೂ 45ನ್ನು 50ಕ್ಕೂ ಕಚ್ಚಿಸಿದರೆ, ನಡುವಿನ ಗೂಟದ ಮೇಲಿರುವ 100ರ ದೊಡ್ಡ ಗೇರು ಹೋಗಿ ಲೀಡ್ ಸ್ಕ್ರೂವಿನ ತುದಿಗೇ ತಾಗುತ್ತದೆ, ಜೋಡಣೆಯೇ ಸಾಧ್ಯವಿಲ್ಲ. 35 ಹೋಗಿ 50ಕ್ಕೆ, 45 ಹೋಗಿ 100ಕ್ಕೆ ಕಚ್ಚಿದರೆ ಎಲ್ಲವೂ ಸರಾಗ. ಇದನ್ನೂ ಲೆಕ್ಕಕ್ಕೆ ತರಬಹುದು: ಕಚ್ಚಿದ ಎರಡು ಗೇರುಗಳ ಕೇಂದ್ರಗಳ ಅಂತರ ಅವುಗಳ ತ್ರಿಜ್ಯಗಳ ಮೊತ್ತ, ಆ ಅಂತರಕ್ಕಿಂತ ಪಕ್ಕದ ಗೇರಿನ ತ್ರಿಜ್ಯ ದೊಡ್ಡದಾದರೆ ಡಿಕ್ಕಿ. ಆ ನಿಯಮವನ್ನು ಉಸ್ತಾದರ ಮುಂದೆಯೇ ಕಾಗದದ ಮೇಲೆ ಬರೆದುಕೊಂಡೆ. ಇಂದು ಪುಟ ತೋರಿಸುವುದು ಯಂತ್ರದ ಮೇಲೆ ನಿಜವಾಗಿ ಕೂರುವ ಜೋಡಣೆಗಳನ್ನು ಮಾತ್ರ.

ವಹಿಯ ವಿಚಾರವನ್ನು ಅವರೇ ಎತ್ತಿದರು. ಹಾಕಿಕೊಳ್ಳಿ, ಆದರೆ ಸಂಖ್ಯೆಯನ್ನು ಭಿಕ್ಷೆಯಂತೆ ಕೊಡಬೇಡಿ, ಯಾಕೆ ಆ ಸಂಖ್ಯೆ ಎಂಬುದನ್ನು ಹೇಳಿ ಕೊಡಿ ಎಂಬ ಷರತ್ತು ಹಾಕಿದರು. ತಮ್ಮ ಗುರು ತಮಗೆ ಕಾರಣ ಹೇಳಿರಲಿಲ್ಲ, ಬರೀ ಸಂಖ್ಯೆ ಕೊಟ್ಟಿದ್ದರು, ವಹಿಯಲ್ಲಿ ಇಲ್ಲದ ಪಿಚ್ಚು ಬಂದ ದಿನವೆಲ್ಲ ತಾವು ಕುರುಡರಂತೆ ತಡಕಾಡಿದ್ದೇವೆ ಎಂದರು. ಆ ಮಾತು ನನ್ನ ಮನಸ್ಸಿನಲ್ಲಿ ನಾಟಿತು. ಯಾವ ಶಿಕ್ಷಣ ತಜ್ಞನ ಗ್ರಂಥದಲ್ಲೂ ನಾನು ಇದನ್ನು ಇಷ್ಟು ನೇರವಾಗಿ ಓದಿರಲಿಲ್ಲ.

ಹೀಗಾಗಿ ನನ್ನ ಪುಟಗಳಲ್ಲಿ ಉತ್ತರದ ಕೆಳಗೆ ಲೆಕ್ಕವೂ ಕಾಣುತ್ತದೆ, ಹಂತ ಹಂತವಾಗಿ. ಬೇಕಾದ ಪಿಚ್ಚು, ಲೀಡ್ ಸ್ಕ್ರೂವಿನ ಪಿಚ್ಚು, ಅವುಗಳ ಅನುಪಾತ, ಸಂಕ್ಷೇಪ, ಆರಿಸಿದ ಗೇರುಗಳು, ಉಳಿದ ವ್ಯತ್ಯಾಸ. ಉಸ್ತಾದರು ಬಳಸುತ್ತಿದ್ದ ಜೋಡಣೆಗಳ ಮುಂದೆ ಒಂದು ಗುರುತಿದೆ. ವೇಗದ ಪುಟವೂ ಹಾಗೆಯೇ. 50 ಮಿ.ಮೀ. ವ್ಯಾಸದ ಮೃದು ಉಕ್ಕನ್ನು ನಿಮಿಷಕ್ಕೆ 25 ಮೀಟರ್ ವೇಗದಲ್ಲಿ ಕತ್ತರಿಸಬೇಕಾದರೆ ನಿಮಿಷಕ್ಕೆ 159 ಸುತ್ತು ಬೇಕು. ಪರಿಧಿಯೆಂದರೆ ವ್ಯಾಸದ ಪೈ ಪಟ್ಟು ಎಂಬುದಷ್ಟೇ ಇದರ ಗುಟ್ಟು. ಯಂತ್ರದಲ್ಲಿ 159 ಎಂಬ ಹಂತ ಇರುವುದಿಲ್ಲ. ಇರುವ ಹಂತಗಳಲ್ಲಿ ಅದಕ್ಕೆ ಸಮೀಪದ ಕೆಳಗಿನದನ್ನು ಪುಟ ತೋರಿಸುತ್ತದೆ. ದಾಲ್ ಮಿಲ್ಲಿನವರಿಗೆ ಬೇಕಾದ ಪುಲಿಯ ಲೆಕ್ಕವೂ ಅಲ್ಲೇ ಇದೆ. ನಿಮಿಷಕ್ಕೆ 1440 ಸುತ್ತಿನ ಮೋಟಾರಿಗೆ 4 ಇಂಚಿನ ಪುಲಿ, ರೋಲರಿಗೆ 12 ಇಂಚಿನದು ಇದ್ದರೆ ರೋಲರು 480 ಸುತ್ತು ತಿರುಗುತ್ತದೆ. ವಿಲೋಮ ಅನುಪಾತ.

ತೂಕದ ಪುಟದ ಕಥೆ ಬೇರೆ. ಗುಂಡು ಸರಳಿನ ತೂಕ ಹೇಳಲು ಕಬ್ಬಿಣದ ವ್ಯಾಪಾರಿಗಳೂ ಮನೆ ಕಟ್ಟುವ ಮೇಸ್ತ್ರಿಗಳೂ ಒಂದು ಸೂತ್ರ ಬಳಸುತ್ತಾರೆ: ಮಿ.ಮೀ. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋಗ್ರಾಮಿನಲ್ಲಿ ಬರುತ್ತದೆ. 50 ಮಿ.ಮೀ. ಸರಳಿಗೆ 2500 ಭಾಗಿಸು 162, ಸುಮಾರು ಹದಿನೈದೂವರೆ ಕಿಲೋ. ಈ 162 ಎಲ್ಲಿಂದ ಬಂತೆಂದು ಅಂಗಡಿಯಲ್ಲಿ ಕೇಳಿದೆ. "ಮೊದಲಿಂದ ಹಂಗೇ ಅದರಿ" ಎಂದರು. ವೃತ್ತದ ವಿಸ್ತೀರ್ಣದ ಸೂತ್ರವನ್ನೂ ಉಕ್ಕಿನ ಸಾಂದ್ರತೆ ಘನ ಮೀಟರಿಗೆ 7850 ಕಿಲೋ ಎಂಬುದನ್ನೂ ಸೇರಿಸಿ ಬಿಡಿಸಿದರೆ 162 ತಾನಾಗಿ ಹೊರಬರುತ್ತದೆ. ಪುಟದಲ್ಲಿ ಅದನ್ನು ಬಿಡಿಸಿಯೇ ಬರೆದಿದ್ದೇನೆ. ಏಕೆಂದರೆ ನಾಳೆ ಹಿತ್ತಾಳೆಯ ಕೆಲಸ ಬಂದರೆ 162 ನಡೆಯುವುದಿಲ್ಲ. ಕಾರಣ ಗೊತ್ತಿದ್ದವನು ಸಾಂದ್ರತೆ ಬದಲಿಸಿ ಸರಿಯಾದ ಬೆಲೆ ಹೇಳುತ್ತಾನೆ, ಗೊತ್ತಿಲ್ಲದವನು ನಷ್ಟ ಮಾಡಿಕೊಳ್ಳುತ್ತಾನೆ. ಸಣ್ಣ ಅಂಗಡಿಯಲ್ಲಿ ನಾಲ್ಕು ಕಿಲೋ ಹಿತ್ತಾಳೆಯ ಲೆಕ್ಕ ತಪ್ಪಿದರೆ ಆ ವಾರದ ಲಾಭ ಹೋದಂತೆ.

ಅಳತೆಯ ಪುಟದಲ್ಲಿ ಮಿ.ಮೀ., ಇಂಚುಗಳ ಜೊತೆ ಸೂತು ಎಂಬ ಅಳತೆಯನ್ನೂ ಇಟ್ಟಿದ್ದೇನೆ. ಪಠ್ಯಪುಸ್ತಕದಲ್ಲಿ ಇದಿಲ್ಲ. ಆದರೆ ಬಡಗಿಯೂ ಫಿಟ್ಟರನೂ ಇಂದಿಗೂ ಆಡುವುದು ಸೂತಿನಲ್ಲೇ. ಇಂಚಿನ ಎಂಟನೆಯ ಒಂದು ಭಾಗ ಒಂದು ಸೂತು. ಆರು ಸೂತೆಂದರೆ ಮುಕ್ಕಾಲು ಇಂಚು, 19.05 ಮಿ.ಮೀ. ಅಳತೆಗಳು ಊರಿಗೊಂದು ಕಾಲಕ್ಕೊಂದು ಇದ್ದವೆಂಬುದಕ್ಕೆ ನಮ್ಮ ಕೋಟೆಯೇ ಸಾಕ್ಷಿ. ಅಲ್ಲಿನ ದೊಡ್ಡ ತೋಪಿಗೆ ಬಾರಾ ಗಜಿ ತೋಪು ಎಂದು ಹೆಸರು, ಹನ್ನೆರಡು ಗಜದ ತೋಪು. ಅದರ ಉದ್ದ ಸುಮಾರು 29 ಅಡಿ ಎನ್ನುತ್ತಾರೆ. ಬಟ್ಟೆ ಅಂಗಡಿಯ ಗಜ 36 ಇಂಚು. ಆ ಗಜದಲ್ಲಿ ಹನ್ನೆರಡೆಂದರೆ 36 ಅಡಿ ಆಗಬೇಕಿತ್ತು. 29 ಅಡಿಯನ್ನು ಹನ್ನೆರಡರಿಂದ ಭಾಗಿಸಿದರೆ ಒಂದು ಗಜಕ್ಕೆ 29 ಇಂಚು. ತೋಪಿಗೆ ಹೆಸರಿಟ್ಟವರ ಗಜ ಬೇರೆ, ನಮ್ಮದು ಬೇರೆ. ಇಂಚಿನ ಲೇತಿನಲ್ಲಿ ಮಿಲಿಮೀಟರಿನ ಥ್ರೆಡ್ಡು ಹಾಕುವವನ ಕಷ್ಟ ಹೊಸದೇನೂ ಅಲ್ಲವೆಂದು ನಾನು ಹುಡುಗರಿಗೆ ಹೇಳುತ್ತಿರುತ್ತೇನೆ.

ಭಾಷೆಯ ವಿಚಾರದಲ್ಲಿಯೂ ಇದೇ ಮಾರ್ಗ. ಲೀಡ್ ಸ್ಕ್ರೂವಿಗೆ, ಪಿಚ್ಚಿಗೆ, ಗೇರಿಗೆ ಅಚ್ಚಗನ್ನಡ ಪದಗಳನ್ನು ಕಟ್ಟುವುದು ನನ್ನಂಥವನಿಗೆ ಪ್ರಿಯವಾದ ಕೆಲಸವೇ. ಆದರೆ ಅಂಗಡಿಯಲ್ಲಿ ಯಾರೂ ಆಡದ ಪದವನ್ನು ಓದಿ, ಅರ್ಥವಾಗದೆ ಹುಡುಗ ಗೇರು ತಪ್ಪಾಗಿ ಹಾಕಿದರೆ ಆ ಕನ್ನಡದಿಂದ ಯಾರಿಗೆ ಪ್ರಯೋಜನ? ವಸ್ತುವಿಗೆ ಅಂಗಡಿಯ ಹೆಸರು, ವಾಕ್ಯಕ್ಕೆ ಕನ್ನಡ ಎಂದು ನಿಶ್ಚಯಿಸಿಕೊಂಡೆ. ಕನ್ನಡದಲ್ಲಿ ಹೀಗೆ ಬರೆದದ್ದು ಈಗ ಯಾವ ಮೊಬೈಲಿನಲ್ಲೂ ಸರಿಯಾಗಿ ಕಾಣುತ್ತದೆ. ಅದು ಯೂನಿಕೋಡಿನ ಉಪಕಾರ. ನುಡಿ, ಬರಹ ತಂತ್ರಾಂಶಗಳ ಕಾಲದಲ್ಲಿ ಪ್ರಶ್ನೆಪತ್ರಿಕೆ ಟೈಪು ಮಾಡಿ ಮತ್ತೊಂದು ಗಣಕಕ್ಕೆ ಒಯ್ದಾಗ ಅಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತಿದ್ದುದನ್ನು ನನ್ನ ಸಹೋದ್ಯೋಗಿಗಳು ಮರೆತಿರಲಾರರು.

ಮೊಬೈಲ್ ಆ್ಯಪ್ ಮಾಡದೆ ಬ್ರೌಸರಿನ ಪುಟವನ್ನೇ ಏಕೆ ಮಾಡಿದಿರೆಂದು ತಮ್ಮನ ಮಗ ಕೇಳಿದ. ಕಾರಣಗಳಿವೆ. ಪುಟವೆಂದರೆ ಒಂದೇ ಒಂದು ಕಡತ. ವಾಟ್ಸ್ಯಾಪಿನಲ್ಲಿ ಕಳಿಸಬಹುದು, ಮೊಬೈಲಿನಲ್ಲಿ ಉಳಿಸಿಕೊಳ್ಳಬಹುದು. ಅಂತರ್ಜಾಲ ಇಲ್ಲದಿದ್ದರೂ ತೆರೆಯುತ್ತದೆ; ತಗಡಿನ ಮಾಡಿನ ಕೆಳಗಿನ ವರ್ಕ್‌ಶಾಪಿನಲ್ಲಿ ಸಿಗ್ನಲ್ ಸಿಗುವುದು ಅಪರೂಪ. ಹೆಸರು, ಫೋನ್ ನಂಬರು, ಗುಪ್ತಪದ ಯಾವುದನ್ನೂ ಕೇಳುವುದಿಲ್ಲ. ಇನ್ನೊಂದು ಕಾರಣ ಬಾಳಿಕೆ. ಫ್ಲಾಷ್ ಎಂಬ ತಂತ್ರದಲ್ಲಿ ಮಾಡಿದ್ದ ಎಷ್ಟೋ ಚೆಂದದ ಗಣಿತ, ವಿಜ್ಞಾನದ ಪಾಠಗಳನ್ನು ನಾವು ಶಾಲೆಯಲ್ಲಿ ತೋರಿಸಿದ್ದುಂಟು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಸಂಸ್ಥೆ ಫ್ಲಾಷಿಗೆ ಬೆಂಬಲ ನಿಲ್ಲಿಸಿತು; ಆ ಪಾಠಗಳು ಬ್ರೌಸರುಗಳಲ್ಲಿ ತೆರೆಯದಾದವು. ಒಂದು ಸಂಸ್ಥೆಯ ಹಿಡಿತದಲ್ಲಿರುವ ತಂತ್ರಕ್ಕಿಂತ ಎಲ್ಲ ಬ್ರೌಸರುಗಳೂ ಒಪ್ಪಿದ ಸರಳ ಭಾಷೆ ಹೆಚ್ಚು ಕಾಲ ಬಾಳೀತೆಂಬುದು ನನ್ನ ನಂಬಿಕೆ.

ಇಂಥ ಪುಟಗಳನ್ನು ಮಾಡುವವರು ಜಗತ್ತಿನಲ್ಲಿ ಬಹಳ ಮಂದಿ ಇದ್ದಾರೆ. ಇಂಗ್ಲೆಂಡು, ಅಮೆರಿಕಗಳಲ್ಲಿ ಮನೆಯ ಷೆಡ್ಡಿನಲ್ಲಿ ಪುಟ್ಟ ಲೇತ್ ಇಟ್ಟುಕೊಂಡು, ಹವ್ಯಾಸಕ್ಕಾಗಿ ಉಗಿಯಂತ್ರದ ಮಾದರಿಗಳನ್ನು ಮಾಡುವ ಜನರಿದ್ದಾರೆ. ಅವರಿಗಾಗಿಯೇ ಲಂಡನ್ನಿನಲ್ಲಿ 1898ರಲ್ಲಿ ಮಾಡೆಲ್ ಎಂಜಿನಿಯರ್ ಎಂಬ ಪತ್ರಿಕೆ ಹುಟ್ಟಿತು. ಅವರು ಒಬ್ಬರಿಗೊಬ್ಬರು ಮಾಡಿಕೊಟ್ಟ ಗೇರಿನ ಲೆಕ್ಕಗಳ ಪುಟಗಳು ಇಂಗ್ಲಿಷಿನಲ್ಲಿ ಹೇರಳವಾಗಿವೆ. ನಮ್ಮ ಊರುಗಳಲ್ಲಿ ಲೇತ್ ಹವ್ಯಾಸವಲ್ಲ, ಅನ್ನ. 1953ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಸ್ಥಾಪನೆಯಾಗಿ ಯಂತ್ರ ತಯಾರಿಸುವ ಯಂತ್ರಗಳು ನಮ್ಮ ರಾಜ್ಯದಲ್ಲೇ ತಯಾರಾಗತೊಡಗಿದವು. ಆದರೂ ಆ ಯಂತ್ರದ ಮುಂದೆ ನಿಂತವನಿಗೆ ಕನ್ನಡದಲ್ಲಿ ಲೆಕ್ಕ ಹೇಳಿಕೊಡುವ ಬರಹ ಕಡಿಮೆ. ಇಂಗ್ಲಿಷ್ ಬಾರದೆಂಬ ಕಾರಣಕ್ಕೆ ಒಬ್ಬ ಒಳ್ಳೆಯ ಟರ್ನರ್ ಸಂಖ್ಯೆಗಾಗಿ ಇನ್ನೊಬ್ಬರ ಮುಂದೆ ಕೈಚಾಚಬೇಕೇ?

ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಆಕ್ಷೇಪ ಎತ್ತಿದರು: "ಇರುವ ಬುದ್ಧಿಯನ್ನೂ ಈ ಪುಟ ಕೆಡಿಸುವುದಿಲ್ಲವೇ? ಹುಡುಗರು ಮಗ್ಗಿಯನ್ನೇ ಮರೆತಿದ್ದಾರೆ." ಆಕ್ಷೇಪ ತೂಕದ್ದೇ. ನಾವೂ ಕ್ಲಾರ್ಕ್ ಟೇಬಲ್ ಎಂಬ ಲಾಗರಿದಮ್ ಪುಸ್ತಕ ಬಳಸಿದವರು. ಆದರೆ ಏನನ್ನು ಹುಡುಕುತ್ತಿದ್ದೇವೆಂದು ತಿಳಿಯದವನಿಗೆ ಆ ಪುಸ್ತಕ ಏನನ್ನೂ ಕೊಡುತ್ತಿರಲಿಲ್ಲ. ಬರೀ ಉತ್ತರ ಕೊಟ್ಟು ದಾರಿ ಮುಚ್ಚುವ ಉಪಕರಣ ಮನುಷ್ಯನನ್ನು ಪರಾಧೀನ ಮಾಡುತ್ತದೆ. ದಾರಿಯನ್ನು ತೆರೆದಿಟ್ಟ ಉಪಕರಣ ಒಂದು ದಿನ ತಾನೇ ಬೇಡವಾಗಲೂ ಬಹುದು. ಇದು ನನ್ನ ಕಲ್ಪನೆಯಲ್ಲ, ಕಣ್ಣಾರೆ ಕಂಡದ್ದು.

ಆ ಅಂಗಡಿಯಲ್ಲಿ ಕಮಲಾಪುರದ ಕಡೆಯ ಹತ್ತೊಂಬತ್ತರ ಹುಡುಗನೊಬ್ಬನಿದ್ದಾನೆ. ಎಸ್.ಎಸ್.ಎಲ್.ಸಿ.ಯ ಗಣಿತದಲ್ಲಿ ಎರಡು ಸಲ ನಪಾಸಾದವನು. ಮೊದಲ ದಿನ ನನ್ನನ್ನು ಕಂಡು, "ನನಗ ಗಣಿತ ಬರಲ್ರಿ ಸರ್" ಎಂದು ತಾನಾಗಿಯೇ ಹೇಳಿ ದೂರ ಸರಿದ, ನಾನು ಇನ್ನೇನು ಮಗ್ಗಿ ಕೇಳುತ್ತೇನೋ ಎಂಬಂತೆ. ಅವನ ಕೈ ಮಾತ್ರ ಅರ್ಧ ಸೂತಿನ ವ್ಯತ್ಯಾಸವನ್ನು ಮುಟ್ಟಿಯೇ ಹೇಳುತ್ತಿತ್ತು. ಪುಟ ಬಳಸಲು ತೊಡಗಿ ಐದಾರು ತಿಂಗಳಾಗಿರಬೇಕು. ಒಂದು ದಿನ ನಾನು ಹೋದಾಗ ಅವನ ಮೊಬೈಲು ಚಾರ್ಜಿಲ್ಲದೆ ಸತ್ತಿತ್ತು, ಒಂದೂವರೆ ಮಿ.ಮೀ. ಪಿಚ್ಚಿನ ಕೆಲಸ ಲೇತಿನ ಮೇಲಿತ್ತು. ಅವನು ಸೀಮೆಸುಣ್ಣದಿಂದ ಒಂದು ತಗಡಿನ ಮೇಲೆ 1.5, ಕೆಳಗೆ 6.35 ಎಂದು ಬರೆದು, ದಶಾಂಶ ತೆಗೆದು 150/635 ಮಾಡಿ, ಐದರಿಂದ ಸಂಕ್ಷೇಪಿಸಿ 30/127ರ ಬಳಿ ನಿಂತಿದ್ದ. ಆಮೇಲೆ 2 ಮಿ.ಮೀ.ನ ಜೋಡಣೆ ಅವನಿಗೆ ಬಾಯಿಪಾಠವಾಗಿತ್ತಲ್ಲ, ಇದು ಅದರ ಮುಕ್ಕಾಲು ಪಾಲು ಎಂದು ಕಂಡುಕೊಂಡು ಆ ಗೇರುಗಳನ್ನು ಮುಕ್ಕಾಲಿಗೆ ಇಳಿಸುವ ದಾರಿ ಹುಡುಕುತ್ತಿದ್ದ. ನಾನು ಮಾತಾಡಿಸದೆ ಹಿಂದೆ ನಿಂತೆ. ಭಿನ್ನರಾಶಿ, ಸಂಕ್ಷೇಪ, ಸಮಾನುಪಾತ ಎಲ್ಲವೂ ಆ ತಗಡಿನ ಮೇಲಿದ್ದವು. ಗಣಿತ ಬಾರದವನ ಕೈಬರಹವಾಗಿರಲಿಲ್ಲ ಅದು.

ಅವನು ಪರೀಕ್ಷೆಗೆ ಇನ್ನೂ ಕಟ್ಟಿಲ್ಲ. ಕಟ್ಟು ಎಂದು ನಾನು ಹೇಳುತ್ತಲೇ ಇದ್ದೇನೆ. ಅಂಗಡಿಯ ಕೆಲಸ ಬಿಟ್ಟು ಓದಲು ಬಿಡುವಿಲ್ಲವೆನ್ನುತ್ತಾನೆ. ಪ್ರಮಾಣಪತ್ರವಿಲ್ಲದೆ ಐ.ಟಿ.ಐ.ಯ ಬಾಗಿಲು ತೆರೆಯುವುದು ಕಷ್ಟ. ಇದನ್ನು ನನ್ನ ಪುಟಗಳು ಬದಲಿಸಲಾರವು. ಎರಡನೆಯ ಲೇತ್ ಮಾರಾಟವಾಗಲಿಲ್ಲ, ಮಿ.ಮೀ. ಕೆಲಸಗಳು ಹಿಂದಿರುಗಿ ಹೋಗುತ್ತಿಲ್ಲ ಎಂಬುದಷ್ಟು ನಿಜ. ಉಸ್ತಾದರು ಈಗಲೂ ವಾರಕ್ಕೊಮ್ಮೆ ಬಂದು ಕುಳಿತು, ಲೇತಿನ ಸದ್ದು ಕೇಳಿಯೇ ಟೂಲಿನ ಮೊನೆ ಮೊಂಡಾಗಿದೆಯೆಂದು ಹೇಳುತ್ತಾರೆ. ಅದನ್ನು ಲೆಕ್ಕಕ್ಕೆ ಇಳಿಸುವ ವಿದ್ಯೆ ನನ್ನಲ್ಲಿಲ್ಲ. ಹುಡುಗರು ಅವರ ಪಕ್ಕದಲ್ಲಿ ನಿಂತೇ ಕಲಿಯಬೇಕು.

ಕೊನೆಯದಾಗಿ ಒಂದು ಮಾತು. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಶಹಾಬಾದ, ವಾಡಿ, ಸೇಡಂಗಳ ಕಾರ್ಖಾನೆಗಳಲ್ಲೂ, ಕಲಬುರಗಿಯ ಗ್ಯಾರೇಜುಗಳಲ್ಲೂ ದುಡಿಯುತ್ತಿದ್ದೀರಿ. ನಿಮ್ಮ ಮನೆಯಲ್ಲಿ, ನಿಮ್ಮ ಅಂಗಡಿಯಲ್ಲಿ, ತಂದೆಯದೋ ಚಿಕ್ಕಪ್ಪನದೋ ಯಾವುದಾದರೂ ಹಿರಿಯ ಮೇಸ್ತ್ರಿಯದೋ ಇಂಥ ಒಂದು ವಹಿ ಇರಬಹುದು. ರದ್ದಿಗೆ ಹಾಕಬೇಡಿ. ಬರೆದವರು ಇರುವಾಗಲೇ ಅವರ ಬಳಿ ಕುಳಿತು ಓದಿಸಿಕೊಳ್ಳಿ, ಕಾರಣ ಗೊತ್ತಿಲ್ಲದ ಸಂಖ್ಯೆಗಳನ್ನು ನನ್ನ ಬಳಿ ತನ್ನಿ. ನಾವಿಬ್ಬರೂ ಕುಳಿತು ಬಿಡಿಸೋಣ. ಸೀಮೆಸುಣ್ಣ ಇಂದಿಗೂ ನನ್ನ ಮೇಜಿನ ಮೇಲಿದೆ.